ಕಾರ್ಯಕ್ರಮಕ್ಕೂ ಬೇಕು ಪಾಠಯೋಜನೆ

ನಲವತ್ತು ನಿಮಿಷದ ಪಾಠಕ್ಕೆ ನಾವು ಉದ್ದೇಶ, ಪೂರ್ವಜ್ಞಾನ, ಚಟುವಟಿಕೆ, ಮೌಲ್ಯಮಾಪನ ಎಂದು ಪುಟಗಟ್ಟಲೆ ಬರೆಯುತ್ತೇವೆ. ಇಡೀ ಊರನ್ನು ಶಾಲೆಗೆ ಕರೆಯುವ ಕಾರ್ಯಕ್ರಮಕ್ಕೆ ಮಾತ್ರ ಒಂದು ಆಮಂತ್ರಣ ಪತ್ರಿಕೆ ಸಾಕೆನಿಸುತ್ತದೆ: ಪ್ರಾರ್ಥನೆ, ಸ್ವಾಗತ, ಸನ್ಮಾನ, ಅತಿಥಿಗಳ ಭಾಷಣ, ವಂದನಾರ್ಪಣೆ. ವೇದಿಕೆಯ ಮೇಲೆ ಯಾರು ಕೂಡಬೇಕೆಂಬುದು ಅದರಲ್ಲಿದೆ. ಕೆಳಗೆ ಕೂತ ಪಾಲಕರು ಏನು ತಿಳಿದುಕೊಂಡು ಹೋಗಬೇಕೆಂಬುದು ಇಲ್ಲ.

ಖಾನಾಪುರ ತಾಲ್ಲೂಕಿನ ಗುಂಜಿಯನ್ನೇ ತೆಗೆದುಕೊಳ್ಳೋಣ. ಕಾಡಂಚಿನ, ಭತ್ತ ಬೆಳೆಯುವ ಸೀಮೆ. ಕನ್ನಡ ಶಾಲೆಗೆ ಬರುವ ಮಗುವಿನ ಮನೆಮಾತು ಮರಾಠಿ ಇರಬಹುದು. ಕೊಯ್ಲು, ಒಕ್ಕಣೆಯ ದಿನಗಳಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಕರೆದು, ಬಾರದವರನ್ನು 'ಆಸಕ್ತಿ ಇಲ್ಲದ ಪಾಲಕರು' ಎಂದು ವರದಿಯಲ್ಲಿ ಬರೆಯುವುದು ನ್ಯಾಯವಲ್ಲ. ರಾತ್ರಿ ಇಟ್ಟರೆ ಮಕ್ಕಳನ್ನು ಕರೆದುಕೊಂಡು ಕತ್ತಲ ದಾರಿಯಲ್ಲಿ ಮರಳಬೇಕು. ಪಾಲಕರ ಬಿಡುವೂ ಮನೆಮಾತೂ ನಮ್ಮ ಯೋಜನೆಯ ಪೂರ್ವಜ್ಞಾನ.

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಇದಕ್ಕೆ ಒಳ್ಳೆಯ ಅವಕಾಶ. ಆ ಹೊತ್ತಿಗೆ ಭತ್ತ ಮನೆ ಸೇರಿರುತ್ತದೆ. ಥರ್ಮಾಕೋಲಿನ ಜ್ವಾಲಾಮುಖಿ ಈ ವರ್ಷ ವಿಶ್ರಾಂತಿ ಪಡೆಯಲಿ. ಪಾಲಕರು ತಮ್ಮ ಗದ್ದೆಯ ಹಿಡಿ ಮಣ್ಣು ತರಲಿ. ಮಕ್ಕಳು ಅದನ್ನು ಶುದ್ಧ ನೀರಿನಲ್ಲಿ ಕಲಕಿ, ತಿಳಿಯಾದ ಮೇಲೆ ಪಿಎಚ್ ಕಾಗದ ಅದ್ದಿ ತೋರಿಸಲಿ. ಹೆಚ್ಚು ಮಳೆ ಬೀಳುವಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಇದನ್ನು ಮಗು ಅಪ್ಪನಿಗೆ ಮನೆಮಾತಿನಲ್ಲೇ ಹೇಳಲಿ. "ಹಂಗಾರ ಸುಣ್ಣ ಎಷ್ಟು ಹಾಕಬೇಕು?" ಎಂದು ಅಪ್ಪ ಕೇಳಿದರೆ ಕಾಗದದ ಬಣ್ಣ ಅಷ್ಟನ್ನು ಹೇಳಲಾರದು. ಅದಕ್ಕೇ ಅತಿಥಿಯಾಗಿ ರೈತ ಸಂಪರ್ಕ ಕೇಂದ್ರದವರೊಬ್ಬರು ಬೇಕು, ಮಣ್ಣು ಪರೀಕ್ಷೆಯ ದಾರಿ ಹೇಳಲು. ಶಾಲು ಅವರಿಗೇ ಹೊದಿಸೋಣ.

ದಾನಿಗಳನ್ನೂ ಜನಪ್ರತಿನಿಧಿಗಳನ್ನೂ ಬಿಟ್ಟರೆ ಸೋರುವ ಮಾಡನ್ನು ಸರಿಮಾಡಿಸುವವರು ಯಾರು ಎಂದು ಮುಖ್ಯೋಪಾಧ್ಯಾಯರು ಕೇಳಬಹುದು. ಖಾನಾಪುರದ ಮಳೆ ಕಂಡವರು ಆ ಪ್ರಶ್ನೆಯನ್ನು ಹಗುರವಾಗಿ ಕಾಣಲಾರರು. ಅವರೂ ಬರಲಿ, ಆದರೆ ಮಕ್ಕಳ ಮೇಜುಗಳ ನಡುವೆ ಓಡಾಡಲಿ. ಭಾಷಣಕ್ಕೆ ಹತ್ತು ನಿಮಿಷ ಸಾಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಆದರೂ ಕಾರ್ಯಕ್ರಮದ ದಿನ ತಾಯಂದಿರ ಕೈಗೆ ಬರುವುದು ಆರತಿ ತಟ್ಟೆ. ದಿನಾಂಕ ಗೊತ್ತುಮಾಡುವ ಸಭೆಗೇ ಅವರನ್ನು ಕರೆದರೆ ಅರ್ಧ ತೊಡಕು ಅಲ್ಲೇ ಬಿಡಿಸೀತು. ಊರಿನವರು ಮಗುವಿನ ಹೆಸರನ್ನು ಪಟ್ಟಣದ ಶಾಲೆಗೆ ಬರೆಸುವ ಮುನ್ನ ನಮ್ಮ ಶಾಲೆಯನ್ನು ಒಳಹೊಕ್ಕು ನೋಡುವುದು ಇಂಥ ದಿನಗಳಲ್ಲೇ.

ಇನ್ನು ಮೌಲ್ಯಮಾಪನ. ನಮ್ಮ ಇಂಟರ್ನ್‌ಶಿಪ್ ಕಡತಕ್ಕೆ ದೀಪ ಬೆಳಗುವ ಫೋಟೊ ಅಂಟಿಸುತ್ತೇವೆ. ಅದರ ಪಕ್ಕದ ಪುಟದಲ್ಲಿ ಆ ದಿನ ಪಾಲಕರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಡುವಂತೆ ಕಾಲೇಜು ಸೂಚಿಸಲಿ. ಅಂಕವನ್ನು ಆ ಪುಟಕ್ಕೆ ಕೊಡಲಿ.