ಬೆಳ್ಳಿ ಕಣ ಗಾಯಕ್ಕೆ ಸರಿ, ಕುಡಿಯುವುದಕ್ಕಲ್ಲ

ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರಬಾರದೆಂಬ ನಿಯಮವನ್ನು ಸೌದಿ ಅರೇಬಿಯಾ 2018ರಲ್ಲಿ ಬಿಗಿಗೊಳಿಸಿತು. ಅಲ್ಲಿ ದುಡಿಯುವ ನಮ್ಮ ಹುಡುಗರು ಊರಿನಿಂದ ಬರುವವರ ಕೈಲಿ ಮಾತ್ರೆ ತರಿಸಿಕೊಳ್ಳುವುದು ಹೊಸತೇನಲ್ಲ. ಈಗ ಮಾತ್ರೆಯೇ ಬೇಡ, ‘ನ್ಯಾನೊ ಸಿಲ್ವರ್’ ಕುಡಿದರೆ ಸಾಕು ಎನ್ನುವ ಜಾಹೀರಾತುಗಳೂ ಮೊಬೈಲಿಗೆ ಬರುತ್ತಿವೆ. ಮಗುವಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸಿ ಬೆಳೆಸಿದ ನಮಗೆ ಇದನ್ನು ನಂಬುವುದು ಸುಲಭ.

ಇದರಲ್ಲಿ ಅರ್ಧ ನಿಜ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್. ನೂರು ನ್ಯಾನೊಮೀಟರಿಗಿಂತ ಸಣ್ಣದಾದ ಬೆಳ್ಳಿ ಕಣದಿಂದ ಅಯಾನುಗಳು ನಿಧಾನವಾಗಿ ಹೊರಬರುತ್ತವೆ. ಅವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ, ಒಳಗಿನ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತವೆ. ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಒಂದು ಕಡೆ ಹೊಡೆದರೆ ಬೆಳ್ಳಿ ಹಲವು ಕಡೆ ಹೊಡೆಯುತ್ತದೆ. ಸುಟ್ಟ ಗಾಯಕ್ಕೆ ನ್ಯಾನೊ ಬೆಳ್ಳಿಯ ಪಟ್ಟಿಗಳು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿರುವಾಗ, ವಿಜ್ಞಾನಿಗಳು ಇಂಥ ಲೋಹಗಳತ್ತ ನೋಡುವುದು ಸಹಜವೇ.

ಆದರೆ ಗಾಯದ ಮೇಲೆ ಹಚ್ಚುವುದು ಬೇರೆ, ಹೊಟ್ಟೆಗೆ ಇಳಿಸುವುದು ಬೇರೆ. ಬೆಳ್ಳಿ ಬೆರೆತ ದ್ರವವನ್ನು ಯಾವ ಕಾಯಿಲೆಗೂ ಸುರಕ್ಷಿತವೆಂದಾಗಲಿ, ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲೇ ಹೇಳಿದೆ. ವರ್ಷಗಟ್ಟಲೆ ಕುಡಿದವರ ಚರ್ಮ ನೀಲಿಬೂದು ಬಣ್ಣಕ್ಕೆ ತಿರುಗಿದ್ದುಂಟು. ಆ ಬಣ್ಣ ಸಾಮಾನ್ಯವಾಗಿ ಮತ್ತೆ ಹೋಗುವುದಿಲ್ಲ.

ಇನ್ನೊಂದು ವಿಷಯವನ್ನು ಜಾಹೀರಾತುಗಳು ಹೇಳುವುದೇ ಇಲ್ಲ. ಬ್ಯಾಕ್ಟೀರಿಯಾ ಬೆಳ್ಳಿಗೂ ಒಗ್ಗಿಕೊಳ್ಳುತ್ತದೆ. ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ ಸಿಕ್ಕಿದ್ದು 1975ರಲ್ಲೇ ವರದಿಯಾಗಿತ್ತು. 2018ರಲ್ಲಿ ಝೆಕ್ ವಿಜ್ಞಾನಿಗಳು ಇ. ಕೋಲಿಯನ್ನು ಮತ್ತೆಮತ್ತೆ ನ್ಯಾನೊ ಬೆಳ್ಳಿಗೆ ಒಡ್ಡಿದಾಗ, ಅದು ಫ್ಲಾಜೆಲಿನ್ ಎಂಬ ಪ್ರೋಟೀನ್ ಸುರಿಸಿ ಕಣಗಳನ್ನು ಮುದ್ದೆ ಮಾಡಿಬಿಟ್ಟಿತು. ಮುದ್ದೆಯಾದ ಕಣಕ್ಕೆ ಕೊಲ್ಲುವ ಕಸುವು ಉಳಿಯಲಿಲ್ಲ. ಕಾಲುಚೀಲಕ್ಕೂ ಸೋಪಿಗೂ ಬೆಳ್ಳಿ ಬೆರೆಸಿ ಮಾರುವ ಈ ಹುಚ್ಚು ನಮಗೆ ಸರಿ ಕಾಣುವುದಿಲ್ಲ. ಬೆಂದ ಗಾಯದವರಿಗೆ ಬೇಕಾದದ್ದನ್ನು ನಾವು ಬೆವರಿನ ವಾಸನೆಗೆ ಸವೆಸುತ್ತಿದ್ದೇವೆ.

ದೂರದಲ್ಲಿರುವ ಮಗನೋ ಅಳಿಯನೋ ಕಾಲಿನ ಗಾಯ ಒಣಗುತ್ತಿಲ್ಲ ಎಂದರೆ ಮೊದಲು ಕೇಳಬೇಕಾದದ್ದು ಸಕ್ಕರೆ ಕಾಯಿಲೆ ಇದೆಯೇ, ಗಾಯದ ಸುತ್ತ ಕೆಂಪು ಹರಡುತ್ತಿದೆಯೇ, ಜ್ವರ ಬಂದಿದೆಯೇ ಎಂದು. ಹೌದೆಂದರೆ ಅಂದೇ ಆಸ್ಪತ್ರೆಗೆ ಕಳಿಸಿ. ಬೆಳ್ಳಿಯ ಪಟ್ಟಿ ಬೇಕೋ, ಮಾತ್ರೆ ಬೇಕೋ, ಎರಡೂ ಬೇಕೋ ಎಂಬುದನ್ನು ಗಾಯ ನೋಡಿದ ವೈದ್ಯರು ತೀರ್ಮಾನಿಸುತ್ತಾರೆ.