ನಮ್ಮ ಇಟ್ಟಿಗೆ ಚಿನ್ನ, ಮಕ್ಕಳದು ಮಣ್ಣೇ?



ನಮ್ಮ ಕೂಟದ ಯಾವ ಸಮಾರಂಭಕ್ಕೇ ಹೋಗಿ, ಬಿಸಿಬೇಳೆ ಭಾತಿನ ಸಾಲಿನಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ನಮ್ಮ ಕಾಲದ ಟೆಟ್ರಿಸ್ ಎಷ್ಟು ಚೆನ್ನಾಗಿತ್ತು ರೀ! ಮೆದುಳಿಗೆ ಕೆಲಸ ಇತ್ತು. ಈಗಿನ ಮಕ್ಕಳ ಆಟ ನೋಡಿ, ಬರೀ ಹುಚ್ಚು." ಸುತ್ತಲಿನವರು ತಲೆಯಾಡಿಸುತ್ತಾರೆ. ನಾವೂ ಎಷ್ಟೋ ಸಲ ಆಡಿಸಿದ್ದೇವೆ. ಆ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೇ ಈ ಲೇಖನ. ಕೆಲವರಿಗೆ ಖಾರವೆನಿಸಬಹುದು, ಕ್ಷಮೆಯಿರಲಿ.

ಮೊದಲು ಆ ಆಟದ ಜಾತಕ ನೋಡೋಣ. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸೀ ಪಾಜಿಟ್ನೋವ್ ಇದನ್ನು ಬರೆದದ್ದು ಕಚೇರಿಯ ಕಂಪ್ಯೂಟರಿನಲ್ಲೇ. ನಾಲ್ಕು ನಾಲ್ಕು ಚೌಕಗಳ ಏಳು ಆಕಾರಗಳು ಮೇಲಿಂದ ಬೀಳುತ್ತವೆ. ಸಾಲು ತುಂಬಿದರೆ ಮಾಯ, ತುಂಬದಿದ್ದರೆ ರಾಶಿ ತಲೆಗೇರಿ ಆಟ ಮುಗಿಯಿತು. 1989ರಲ್ಲಿ ನಿಂಟೆಂಡೊ ಕಂಪನಿ ಅದನ್ನು ಗೇಮ್ ಬಾಯ್ ಜೊತೆಗೇ ಕೊಟ್ಟು ಅಮೆರಿಕದ ಮನೆಗಳಿಗೆ ತಲುಪಿಸಿತು. ನಮ್ಮೂರ ಕಡೆ ಅದರ ನಕಲು 'ಬ್ರಿಕ್ ಗೇಮ್' ಎಂಬ ಹೆಸರಿನಲ್ಲಿ ಬಂದು ಬೇಸಿಗೆ ರಜದ ಮಧ್ಯಾಹ್ನಗಳನ್ನು ನುಂಗಿತು. ಮೆದುಳಿನ ವ್ಯಾಯಾಮಕ್ಕೆಂದು ನಮ್ಮಲ್ಲಿ ಯಾರು ಕೊಂಡರು? ಬಿಡಲಾಗದೆ ಆಡಿದೆವು, ಅಷ್ಟೆ.

ನಾವು ಎಂ.ಬಿ.ಬಿ.ಎಸ್. ಮುಗಿಸಿ 1997ರಲ್ಲಿ ನಾರ್ತ್ ಕ್ಯಾರೊಲೈನಾದ ಒಂದು ಆಸ್ಪತ್ರೆಗೆ ರೆಸಿಡೆನ್ಸಿಗೆ ಬಂದೆವು. ವಾರಕ್ಕೆ 80 ಗಂಟೆಯ ಮಿತಿ ಜಾರಿಗೆ ಬರಲು, ಅಂದರೆ 2003ಕ್ಕೆ, ಇನ್ನೂ ಆರು ವರ್ಷವಿತ್ತು. ಬಿಳಿ ಕೋಟಿನ ಒಂದು ಜೇಬಿನಲ್ಲಿ ಸ್ಟೆತಾಸ್ಕೋಪು, ಇನ್ನೊಂದರಲ್ಲಿ ಸೆಕೆಂಡ್‌ಹ್ಯಾಂಡ್ ಗೇಮ್ ಬಾಯ್. ಕಣ್ಣು ಮುಚ್ಚಿದರೂ ಇಟ್ಟಿಗೆ ಬೀಳುತ್ತಿದ್ದವು. ಈ ಹುಚ್ಚು ನಮ್ಮೊಬ್ಬರದೇ ಅಲ್ಲ. ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟ ಆಡಿದ್ದೇ ನೆನಪಿರದ ಐವರು ಮರೆವಿನ ರೋಗಿಗಳಲ್ಲಿ ಮೂವರಿಗೆ ನಿದ್ದೆ ಹತ್ತುವಾಗ ಆ ಆಕಾರಗಳು ಕಂಡವು.

ಈಗ ಯಾರಿಗೂ ಹೇಳದಿದ್ದ ಒಂದು ಸಂಗತಿ. ತಿಪಟೂರಿನ ನಮ್ಮ ಮನೆಯಲ್ಲಿ ಆಗ ಫೋನಿರಲಿಲ್ಲ. ನಾವು ಇಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಬೇಕು. ಅಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆಗೆ ತಂದೆಯವರು ಪಕ್ಕದ ಬೀದಿಯ ಪರಿಚಿತರ ಮನೆಯಲ್ಲಿ ಕಾದಿರಬೇಕು. ಅದು ಒಪ್ಪಂದ. ಒಂದು ಶನಿವಾರ ಡ್ಯೂಟಿ ಇರಲಿಲ್ಲ. ಇನ್ನೊಂದೇ ಆಟ, ಇನ್ನೊಂದೇ ಆಟ ಎನ್ನುತ್ತಾ ತಲೆಯೆತ್ತಿದಾಗ ಹನ್ನೊಂದು ದಾಟಿತ್ತು. ಅವರು ಕಾದು ಕಾದು ಮನೆಗೆ ನಡೆದು ಹೋಗಿದ್ದರು. ಮುಂದಿನ ಕಾಗದದಲ್ಲಿ ಒಂದೇ ಸಾಲು: "ಆಸ್ಪತ್ರೆಯಲ್ಲಿ ಕೆಲಸ ಹೆಚ್ಚೆಂದು ಕಾಣುತ್ತದೆ, ಹೊತ್ತಿಗೆ ಸರಿಯಾಗಿ ಊಟ ಮಾಡು." ನಾವು ತಿದ್ದಲಿಲ್ಲ.

ಕಳೆದ ವರ್ಷ ಊರಿನಿಂದ ಅಜ್ಜಿಯ ವಿಡಿಯೋ ಕಾಲ್ ಬಂದಾಗ ನಮ್ಮ ಮಗ ಆಟದಲ್ಲಿ ಮುಳುಗಿ ಎತ್ತಲಿಲ್ಲ. ನಾವು ಮನೆ ಹಾರಿಹೋಗುವಂತೆ ಕೂಗಾಡಿದೆವು. "ನಮ್ಮ ಕಾಲದಲ್ಲಿ..." ಎಂದೂ ಶುರುಮಾಡಿದೆವು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣಕ್ಕೆ ಬೆರಳು ತೋರಿಸುವುದೆಂದರೆ ಇದೇ ತಾನೆ?

"ಟೆಟ್ರಿಸ್ ಔಷಧಿಯಂತೆ ಡಾಕ್ಟ್ರೇ, ವಾಟ್ಸಾಪಿನಲ್ಲಿ ಬಂದಿದೆ" ಎನ್ನುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ. 2017ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಒಂದು ಪ್ರಯೋಗದಲ್ಲಿ ರಸ್ತೆ ಅಪಘಾತಕ್ಕೆ ಸಿಕ್ಕಿ ತುರ್ತುಚಿಕಿತ್ಸೆಗೆ ಬಂದ 71 ಜನರಲ್ಲಿ ಅರ್ಧದಷ್ಟು ಮಂದಿಗೆ ಘಟನೆಯನ್ನು ಒಮ್ಮೆ ನೆನಪಿಸಿ, ಸುಮಾರು 20 ನಿಮಿಷ ಟೆಟ್ರಿಸ್ ಆಡಿಸಿದರು. ಮೊದಲ ವಾರದಲ್ಲಿ ಅವರಿಗೆ ಅಪಘಾತದ ಚಿತ್ರಗಳು ಕಣ್ಣಮುಂದೆ ಬಂದದ್ದು ಉಳಿದವರಿಗಿಂತ ಶೇಕಡ 62ರಷ್ಟು ಕಡಿಮೆ. ಆಘಾತಗೊಂಡವರಿಗೆ ಒಳ್ಳೆಯ ಸುದ್ದಿ. ಆದರೆ ಇದು ನಮ್ಮ ತಲೆಮಾರಿನ ಬುದ್ಧಿವಂತಿಕೆಗೆ ಸಿಕ್ಕ ಸರ್ಟಿಫಿಕೇಟಲ್ಲ.

ಇನ್ನೊಂದು ನಿದರ್ಶನ ನೋಡಿ. 2023ರ ಡಿಸೆಂಬರ್ 21ರಂದು ಒಕ್ಲಹೋಮದ 13 ವರ್ಷದ ವಿಲಿಸ್ ಗಿಬ್ಸನ್ ಇದೇ ಟೆಟ್ರಿಸನ್ನು 157ನೇ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ. ನಿಂಟೆಂಡೊದ ಆ ಹಳೆಯ ಆಟವನ್ನು ಅಷ್ಟು ದೂರ ಒಯ್ದ ಮೊದಲ ಮನುಷ್ಯ ಅವನೇ. ಅದೇ ತಿಂಗಳು ತೀರಿಕೊಂಡ ತನ್ನ ತಂದೆಗೆ ಆ ಗೆಲುವನ್ನು ಅರ್ಪಿಸಿದ. ಬ್ರಿಟನ್ನಿನ ಟಿ.ವಿ. ನಿರೂಪಕಿಯೊಬ್ಬರು ಏನೆಂದರು ಗೊತ್ತೇ? ಹೊರಗೆ ಹೋಗಿ ಒಂದಿಷ್ಟು ಗಾಳಿ ಸೇವಿಸಪ್ಪಾ ಎಂದು! ಅಂದರೆ ಆಟ ಯಾವುದಾದರೇನು, ಮಗು ಆಡಿದರೆ ಬೈಗುಳ; ದೊಡ್ಡವರು ನೆನೆಸಿಕೊಂಡರೆ ಸಂಸ್ಕೃತಿ.

ಒಂದು ವ್ಯತ್ಯಾಸವನ್ನು ಒಪ್ಪುತ್ತೇವೆ. ನಮ್ಮ ಗೇಮ್ ಬಾಯಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಆಮೇಲೆ ನಾಲ್ಕು ಬ್ಯಾಟರಿಯ ಖರ್ಚು ಮಾತ್ರ. ಇಂದಿನ ಎಷ್ಟೋ ಆಟಗಳು ಹೆಜ್ಜೆಹೆಜ್ಜೆಗೂ ಏನಾದರೂ ಮಾರುತ್ತವೆ. ಟೆಟ್ರಿಸ್ ಕೂಡ ಫೋನಿನಲ್ಲಿ ಜಾಹೀರಾತು ಹೊತ್ತು ಬರುತ್ತದೆ. ಜಗಳವಾಡಬೇಕಾದದ್ದು ಆ ವ್ಯಾಪಾರದ ಮೇಲೆ. ಅದಕ್ಕೆ ಆಟದೊಳಗೆ ಏನಿದೆಯೆಂದು ನೋಡಬೇಕು. ರೋಗಿಯನ್ನು ಮುಟ್ಟಿಯೂ ನೋಡದೆ ಔಷಧಿ ಬರೆದುಕೊಡುವ ವೈದ್ಯನನ್ನು ನೀವು ಒಪ್ಪುತ್ತೀರಾ?

ಕಳೆದ ಥ್ಯಾಂಕ್ಸ್‌ಗಿವಿಂಗ್‌ಗೆ ವಾಷಿಂಗ್ಟನ್ನಿನಿಂದ ಅಟ್ಲಾಂಟಾಕ್ಕೆ ಹೊರಟಿದ್ದೆವು. ಐ-85ರಲ್ಲಿ, ಸೌತ್ ಕ್ಯಾರೊಲೈನಾದ ಒಂದು ರೆಸ್ಟ್ ಏರಿಯಾದಲ್ಲಿ ಕಾಫಿ ಕುಡಿಯುತ್ತಾ ಮಗನ ಆಟವನ್ನು ಕೇಳಿ ಕಲಿತೆವು. ಮೂರು ನಿಮಿಷದಲ್ಲಿ ಸೋತೆವು. ಅವನು ನಕ್ಕ. ಆಗ ತಿಪಟೂರಿನ ಆ ಭಾನುವಾರದ ಕಥೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಆಮೇಲೆ ತಾತಂಗೆ ನಿಜ ಹೇಳಿದ್ಯಾ?" ಎಂದು ಕೇಳಿದ. ಇಲ್ಲ, ಹೇಳಲಿಲ್ಲ. ಇನ್ನು ಹೇಳಲು ಅವರಿಲ್ಲ.

ಆದ್ದರಿಂದ ಬಂಧುಗಳೇ, ಹಳೆಯ ಆಟವನ್ನು ನೆನೆಸಿಕೊಳ್ಳಿ, ಬೇಡವೆಂದವರಾರು? ಆದರೆ ನೆನೆಸಿಕೊಳ್ಳುವಾಗ ಪೂರ್ತಿ ನೆನೆಸಿಕೊಳ್ಳೋಣ. ಮುಂದಿನ ಸಮಾರಂಭದಲ್ಲಿ ಮೂಲೆಯಲ್ಲಿ ಫೋನ್ ಹಿಡಿದು ಕೂತ ಹುಡುಗನಿಗೆ ಉಪದೇಶ ಮಾಡುವ ಮುನ್ನ, ಅವನ ಪಕ್ಕದಲ್ಲಿ 20 ನಿಮಿಷ ಕೂತು ಒಂದು ಆಟ ಸೋಲಿ. ಬುದ್ಧಿಮಾತು ಆಮೇಲೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಉತ್ತರಿಸಲು ಸಿದ್ಧರಿದ್ದೇವೆ.

ಇತಿ,
ನಿಮ್ಮ ಕೂಟದ ಒಬ್ಬ ವೈದ್ಯ ಸದಸ್ಯ