ಬೆಂಗಳೂರಿನ ಪಂದ್ಯಗಳು ನೆರೂಲ್‌ಗೆ ಬಂದಾಗ: ಉಪನಗರದ ಕ್ರೀಡಾಂಗಣ ಕಲಿಸುವ ಪಾಠ

ನವಿಮುಂಬಯಿ: 2025ರ ನವೆಂಬರ್ 2ರ ರಾತ್ರಿ ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಮಣಿಸಿ ಮೊತ್ತಮೊದಲ ಬಾರಿಗೆ ಏಕದಿನ ವಿಶ್ವಕಪ್ ಗೆದ್ದರು. ನವಿಮುಂಬಯಿಯ ಹೆಸರು ಜಗತ್ತಿನೆಲ್ಲೆಡೆ ಕೇಳಿಬಂತು. ಆದರೆ ಈ ಫೈನಲ್ ನಡೆಯಬೇಕಾಗಿದ್ದುದು ಇಲ್ಲಲ್ಲ. ಪಾಕಿಸ್ತಾನ ಫೈನಲ್‌ಗೆ ಬಾರದಿದ್ದರೆ ಪಂದ್ಯ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಂದು ಮೊದಲೇ ನಿಶ್ಚಯವಾಗಿತ್ತು. ಬೆಂಗಳೂರು ಕೈತಪ್ಪಿಸಿಕೊಂಡದ್ದು ನೆರೂಲ್‌ಗೆ ಒಲಿಯಿತು.

ಕಾರಣ ಎಲ್ಲರಿಗೂ ತಿಳಿದದ್ದೇ. 2025ರ ಜೂನ್ 4ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಐಪಿಎಲ್ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಆಯೋಗ, ಅಲ್ಲಿನ ವಿನ್ಯಾಸವೇ ಭಾರೀ ಜನಸಂದಣಿಗೆ ಸುರಕ್ಷಿತವಲ್ಲ ಎಂಬ ಅಭಿಪ್ರಾಯಕ್ಕೆ ಬಂತು. ಆಗಸ್ಟ್‌ನಲ್ಲಿ ಐಸಿಸಿಯು ಬೆಂಗಳೂರನ್ನು ಕೈಬಿಟ್ಟು ನವಿಮುಂಬಯಿಯನ್ನು ಪಟ್ಟಿಗೆ ಸೇರಿಸಿತು. ಮೂರು ಲೀಗ್ ಪಂದ್ಯ, ಒಂದು ಸೆಮಿಫೈನಲ್ ಹಾಗೂ ಫೈನಲ್ ಇಲ್ಲಿ ನಡೆದವು.

ಇಂಥ ಸ್ಥಳಾಂತರ ಇದೇ ಮೊದಲಲ್ಲ. 2010ರ ಎಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಬಾಂಬ್ ಸ್ಫೋಟಗೊಂಡಾಗ, ಬೆಂಗಳೂರಿನಲ್ಲಿ ನಡೆಯಬೇಕಿದ್ದ ಐಪಿಎಲ್‌ನ ಎರಡೂ ಸೆಮಿಫೈನಲ್‌ಗಳನ್ನು ನೆರೂಲ್‌ಗೆ ವರ್ಗಾಯಿಸಲಾಯಿತು. ಅನಿಲ್ ಕುಂಬ್ಳೆ ನೇತೃತ್ವದ ಬೆಂಗಳೂರು ತಂಡ ತವರಿನಲ್ಲಿ ಆಡಬೇಕಿದ್ದ ಸೆಮಿಫೈನಲನ್ನು ಇಲ್ಲಿ ಆಡಿ ಮುಂಬಯಿ ಇಂಡಿಯನ್ಸ್‌ಗೆ ಸೋತಿತು. ಅದೇ ವರ್ಷ ತೆಲಂಗಾಣ ಚಳವಳಿಯ ಕಾವಿನಿಂದ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ತಂಡವೂ ತವರು ಪಂದ್ಯಗಳಿಗೆ ಈ ಕ್ರೀಡಾಂಗಣವನ್ನು ಆಶ್ರಯಿಸಿತ್ತು. ಕೋವಿಡ್ ನಿರ್ಬಂಧಗಳ 2022ರಲ್ಲಿ ಐಪಿಎಲ್‌ನ 20 ಲೀಗ್ ಪಂದ್ಯಗಳು ಇಲ್ಲಿ ಜರಗಿದವು. ಊರೂರಿನ ಪಂದ್ಯಗಳಿಗೆ ಆಪತ್ಕಾಲದ ನೆಂಟನಂತೆ ಈ ಕ್ರೀಡಾಂಗಣ ಒದಗಿಬಂದಿದೆ ಎಂದರೆ ತಪ್ಪಾಗಲಾರದು.

ಹಲವು ಆಟಗಳ ಅಂಗಳ

ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ವಿನ್ಯಾಸಗೊಳಿಸಿದ ಈ ಕ್ರೀಡಾಂಗಣ 2008ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಚಾವಣಿಗೆ ಅಡ್ಡ ಕಂಬಗಳಿಲ್ಲದ ಕಾರಣ ಎಲ್ಲಿ ಕುಳಿತರೂ ನೋಟಕ್ಕೆ ತಡೆಯಿಲ್ಲ. ಅದೇ ವರ್ಷದ ಜೂನ್ 1ರಂದು ಪ್ರಥಮ ಐಪಿಎಲ್‌ನ ಫೈನಲ್ ಇಲ್ಲಿ ನಡೆದು, ರಾಜಸ್ಥಾನ್ ರಾಯಲ್ಸ್ ಕೊನೆಯ ಎಸೆತದಲ್ಲಿ ಚೆನ್ನೈಯನ್ನು ಸೋಲಿಸಿತು. ಆದರೆ ಪುರುಷರ ಅಂತಾರಾಷ್ಟ್ರೀಯ ಕ್ರಿಕೆಟ್‌ನ ಅದೃಷ್ಟ ಕೂಡಿಬರಲಿಲ್ಲ. 2009ರ ನವೆಂಬರ್ 11ರ ಭಾರತ-ಆಸ್ಟ್ರೇಲಿಯಾ ಏಕದಿನ ಪಂದ್ಯ ಒಂದೂ ಎಸೆತ ಕಾಣದೆ ಮಳೆಗೆ ಆಹುತಿಯಾಯಿತು.

ಆ ಕೊರತೆಯನ್ನು ತುಂಬಿದ್ದು ಫುಟ್ಬಾಲ್ ಮತ್ತು ಮಹಿಳಾ ಕ್ರೀಡೆ. ಮುಂಬಯಿ ಸಿಟಿ ಎಫ್‌ಸಿ 2014ರಲ್ಲಿ ತನ್ನ ಐಎಸ್‌ಎಲ್ ತವರು ಪಂದ್ಯಗಳನ್ನು ಇಲ್ಲಿ ಆಡಿತು. 2017ರ 17ರ ವಯೋಮಿತಿಯ ಫಿಫಾ ವಿಶ್ವಕಪ್‌ನ ಸೆಮಿಫೈನಲ್, 2022ರ ಫೆಬ್ರವರಿಯಲ್ಲಿ ಮಹಿಳಾ ಏಷ್ಯಾ ಕಪ್ ಫೈನಲ್, ಅದೇ ಅಕ್ಟೋಬರ್‌ನಲ್ಲಿ ಬಾಲಕಿಯರ ವಿಶ್ವಕಪ್ ಫೈನಲ್ ಇಲ್ಲಿ ನಡೆದವು. 2022ರ ಡಿಸೆಂಬರ್ 11ರಂದು ಭಾರತ-ಆಸ್ಟ್ರೇಲಿಯಾ ವನಿತೆಯರ ಟಿ20 ಪಂದ್ಯ ಸೂಪರ್ ಓವರ್‌ನಲ್ಲಿ ಇತ್ಯರ್ಥವಾದಾಗ ಗ್ಯಾಲರಿಗಳು ಕಿಕ್ಕಿರಿದಿದ್ದವು. ಮಹಿಳಾ ಕ್ರಿಕೆಟ್‌ಗೆ ಜನ ಬರುವುದಿಲ್ಲ ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿತ್ತು. 2023ರ ಮಾರ್ಚ್‌ನಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಇಲ್ಲೇ ಶುಭಾರಂಭಗೊಂಡಿತು. ಜಸ್ಟಿನ್ ಬೀಬರ್‌ನಿಂದ ಕೋಲ್ಡ್‌ಪ್ಲೇವರೆಗಿನ ಸಂಗೀತ ಕಾರ್ಯಕ್ರಮಗಳು ಬೇರೆ.

ದೂರವಿದ್ದರೆ ಸಾಲದು

ಹಾಗೆಂದು ಕ್ರೀಡಾಂಗಣವನ್ನು ನಗರದ ಹೊರಗೆ ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆಯೇ? ನೆರೂಲ್‌ಗೆ ಎರಡು ಅನುಕೂಲಗಳಿವೆ. ಒಂದು, ಯೋಜಿತ ನಗರದ ಅಗಲ ರಸ್ತೆಗಳು ಮತ್ತು ಪಕ್ಕದಲ್ಲೇ ಹಾದುಹೋಗುವ ಸಯನ್-ಪನ್ವೇಲ್ ಹೆದ್ದಾರಿ. ಇನ್ನೊಂದು, ಹಾರ್ಬರ್ ಮತ್ತು ಟ್ರಾನ್ಸ್ ಹಾರ್ಬರ್ ಮಾರ್ಗಗಳ ಲೋಕಲ್ ರೈಲು. ಇವೆರಡೂ ಇಲ್ಲದ ಕಡೆ ಎಷ್ಟೇ ಭವ್ಯ ಕಟ್ಟಡ ಎದ್ದರೂ ಪ್ರೇಕ್ಷಕನ ಪಾಡು ತಪ್ಪದು. ಮಳೆಯಿಂದ ತಡವಾಗಿ ಆರಂಭಗೊಂಡ ವಿಶ್ವಕಪ್ ಫೈನಲ್ ಮುಗಿಯುವಾಗ ನಡುರಾತ್ರಿ ಸಮೀಪಿಸಿತ್ತು. ಅಂಥ ಹೊತ್ತಿನಲ್ಲಿ ಡೊಂಬಿವಲಿಗೋ ಬೊರಿವಲಿಗೋ ಹೋಗಬೇಕಾದವನಿಗೆ ಸ್ಕೋರಿನಷ್ಟೇ ಕೊನೆಯ ಲೋಕಲ್‌ನ ಸಮಯವೂ ಮುಖ್ಯ.

ಬೆಂಗಳೂರಿನ ದುರಂತದ ಮುಂದೆ ಮುಂಬಯಿ ಬೀಗುವಂತೆಯೂ ಇಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯಲ್ಲಿ ನಡೆದ ಕಾಲ್ತುಳಿತ 23 ಜೀವಗಳನ್ನು ಬಲಿ ಪಡೆದಿತ್ತು. ಅಲ್ಲಿ ಪಂದ್ಯವೂ ಇರಲಿಲ್ಲ, ವಿಜಯೋತ್ಸವವೂ ಇರಲಿಲ್ಲ. ಇದ್ದದ್ದು ಕೆಲಸಕ್ಕೆ ಹೊರಟ ಜನ, ಇಕ್ಕಟ್ಟಿನ ಮೆಟ್ಟಿಲು. ಅಪಾಯ ಇರುವುದು ಗ್ಯಾಲರಿಯಲ್ಲಿ ಮಾತ್ರವಲ್ಲ, ಗೇಟಿನಿಂದ ರೈಲಿನ ಬಾಗಿಲಿನವರೆಗಿನ ಹಾದಿಯಲ್ಲಿ ಎಂಬುದನ್ನು ಎರಡೂ ನಗರಗಳು ಭಾರೀ ಬೆಲೆ ತೆತ್ತು ಕಲಿತಿವೆ.

ಬೆಂಗಳೂರು ಹೊರವಲಯದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣ ಕಟ್ಟುವ ಯೋಜನೆಯನ್ನು ಕರ್ನಾಟಕ ಸರಕಾರ 2025ರಲ್ಲಿ ಮುಂದಿಟ್ಟಿತು. ಆಸನಗಳ ಸಂಖ್ಯೆಗಿಂತ ಮೊದಲು ಕೇಳಬೇಕಾದದ್ದು ಗೇಟಿನ ಹೊರಗೆ ಎಷ್ಟು ಜನ ನಿಲ್ಲಬಹುದು, ರಾತ್ರಿ ಮನೆಗೆ ಹೇಗೆ ಮುಟ್ಟುತ್ತಾರೆ, ಪಂದ್ಯವಿಲ್ಲದ ದಿನಗಳಲ್ಲಿ ಅಲ್ಲಿ ಯಾರು ಆಡುತ್ತಾರೆ ಎಂಬುದನ್ನು. ನೆರೂಲ್‌ನದು ಖಾಸಗಿ ಕ್ರೀಡಾಂಗಣ. ಕನ್ನಡ ಸಂಘಗಳ ಕ್ರೀಡೋತ್ಸವ, ಹಗ್ಗಜಗ್ಗಾಟಗಳು ಬೇರೆ ಮೈದಾನಗಳನ್ನೇ ಹುಡುಕಬೇಕು. ಸರಕಾರಿ ಹಣದಲ್ಲಿ ಕಟ್ಟುವ ಅಂಗಳಕ್ಕೆ ಆ ಸಬೂಬು ಇರದು. ಬಡಾವಣೆಯ ಮಕ್ಕಳಿಗೂ ಅಲ್ಲಿ ಜಾಗ ಸಿಕ್ಕಿದರೆ, ಬೆಂಗಳೂರಿನ ಪಂದ್ಯ ಮೂರನೇ ಬಾರಿ ನೆರೂಲ್‌ಗೆ ಬರುವ ಪ್ರಸಂಗ ತಪ್ಪಿದರೆ, ಹೊರನಾಡ ಕನ್ನಡಿಗರೂ ಸಂತೋಷಪಡುವರು.